ಸೀಸೆಯ ತೂಕ

ಕಂಪ್ಲಿಯ ರೈಸ್ ಮಿಲ್ಲಿನವರ ಮಗಳು ನಾನು. ಹೊಸಪೇಟೆಯಲ್ಲಿ ಬಿ.ಎಸ್ಸಿ. ಮಾಡಿ, ಜೀವಶಾಸ್ತ್ರದಲ್ಲಿ ಕಾಲೇಜಿಗೇ ಮೊದಲಿಗಳಾಗಿ, ಕೊನೆಗೆ ಸಂಡೂರಿನ ಧೂಳಿಗೆ ಸೊಸೆಯಾಗಿ ಬಂದೆ. ಬಿಳಿ ಅಕ್ಕಿಯ ಮನೆಯಿಂದ ಕೆಂಪು ಮಣ್ಣಿನ ಮನೆಗೆ ಕೊಟ್ಟರಲ್ಲ ಅಂತ ತವರಿಗೆ ಹೋದಾಗಲೆಲ್ಲ ಅಮ್ಮನ ಮುಂದೆ ಅತ್ತಿದ್ದೇನೆ. ಈಗ ನೆನೆದರೆ ಅದು ಅಳುವೇ ಅಲ್ಲ, ಜಂಬ.

ಅದಿರಿನ ಕಾಲ ಅದು. ನಿನ್ನೆಯವರೆಗೆ ಸೈಕಲ್ ತುಳಿದವರು ಇವತ್ತು ಕಪ್ಪು ಗಾಜಿನ ಕಾರಿನಲ್ಲಿ ಹಾಲು ತರಲು ಹೋಗುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮೂರಿನವರು ಆ ಕೊಡೆಗೂ ಏಸಿ ಹಾಕಿಸಿಕೊಂಡಿದ್ದರು. ಎದುರಾದವರು ‘ಊಟ ಆತೇನ್ರಿ’ ಅನ್ನುವುದನ್ನು ಬಿಟ್ಟು ‘ಇವತ್ತೆಷ್ಟು ಲೋಡು’ ಅನ್ನುತ್ತಿದ್ದರು. ಒಣಗಲು ಹಾಕಿದ ಸೀರೆ ಕೆಂಪು, ಮೊಸರಿನ ಕೆನೆ ಕೆಂಪು, ಶಾಲೆಯಲ್ಲಿ ನಾನು ಬೋರ್ಡು ಒರೆಸಿದ ಬಟ್ಟೆ ಕೆಂಪು. ಎಂಟನೇ ತರಗತಿಗೆ ವಿಜ್ಞಾನ ಹೇಳುತ್ತಿದ್ದೆ. ಆ ಮಕ್ಕಳಿಗೆ ರಕ್ತ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ‘ಹೃದಯದಾಗ ರೀ ಟೀಚರ್’ ಅನ್ನುತ್ತಿದ್ದವು. ಮೂಳೆಯ ಮಜ್ಜೆಯಲ್ಲಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು, ಅವು ಬರೆದದ್ದು ಹೃದಯವೇ. ಇಂಥ ಊರಿಗೆ ನಾನು ಹೆಚ್ಚಾದೆ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗಂಡನಿಗೆ ಮೂರು ಟಿಪ್ಪರ್ ಇದ್ದವು. ಒಬ್ಬ ಅದಿರು ವ್ಯಾಪಾರಿಗೆ ಓಡಿಸುತ್ತಿದ್ದ. ಎರಡು ಕಿವಿಗೆ ಎರಡು ಮೊಬೈಲು, ನಡುವೆ ತಲೆ ಇದೆಯೋ ಇಲ್ಲವೋ ಎಂದು ನನಗೆ ಅನುಮಾನ. ಕೆಟ್ಟವನಲ್ಲ. ಆದರೆ ಕೆಟ್ಟವನಲ್ಲ ಎನ್ನುವುದೊಂದು ಗುಣವೇ?

ಎಲ್ಲಕ್ಕಿಂತ ಹೆಚ್ಚು ನನಗೆ ಆಗದವರು ಅತ್ತೆ. ಓದು ಬರಹ ಇಲ್ಲ. ಅರ್ಧ ಆಯುಷ್ಯವನ್ನು ಗುಡ್ಡದಲ್ಲಿ ಸುತ್ತಿಗೆ, ಕಲ್ಲು ಹೊರುವ ಪುಟ್ಟಿ ಹಿಡಿದು ಕಳೆದವರು. ಅದಿರಿನ ಕಲ್ಲು ಬರೀ ಕಲ್ಲಿಗಿಂತ ಭಾರ. ಒಡೆದ ರಾಶಿಯ ಮುಂದೆ ಕೂತು ಒಂದೊಂದೇ ಚೂರನ್ನು ಅಂಗೈಯಲ್ಲಿ ಎತ್ತಿ, ಒಮ್ಮೆ ತೂಗಿ, ಇದು ಅದಿರು, ಇದು ಕಲ್ಲು ಎಂದು ಎರಡು ಕಡೆ ಎಸೆಯುವುದು ಅವರ ಕೆಲಸವಾಗಿತ್ತು. ಮಗ ಟಿಪ್ಪರ್ ತಂದ ಮೇಲೆ ಕೆಲಸ ಬಿಟ್ಟರು, ಕೈ ಬಿಡಲಿಲ್ಲ. ಟೊಮೆಟೊ, ತೆಂಗಿನಕಾಯಿ, ಸೋಪು, ಉಪ್ಪಿನ ಡಬ್ಬಿ, ಏನು ಸಿಕ್ಕರೂ ಎತ್ತಿ ಅಂಗೈಯಲ್ಲಿ ತೂಗಿಯೇ ಕೆಳಗಿಡುವುದು. ಮದುವೆಯಾದ ಹೊಸತರಲ್ಲಿ ನನ್ನ ತೋಳನ್ನೂ ಹಾಗೇ ಎತ್ತಿ ನೋಡಿ, ‘ಹಗುರ ಅದಾಳ, ಉಣ್ಣಾಕ ಹಾಕಬೇಕು’ ಅಂದಿದ್ದರು. ಸಂತೆಯ ಕುರಿ ನೋಡಿದ ಹಾಗೆ. ಅವರ ಜೊತೆ ನಾನು ಬಾಯಲ್ಲಿ ‘ರೀ’ ಅನ್ನುತ್ತಿದ್ದೆ, ಮನಸ್ಸಿನಲ್ಲಿ ‘ಲೇ’.

ಬಸಿರಿಗೆ ಏಳು ತಿಂಗಳು ತುಂಬುವಷ್ಟರಲ್ಲಿ ನನಗೆ ನೋವು ಶುರುವಾಯಿತು. ಗಂಡ ಆವತ್ತು ಹಂಪಿಯಲ್ಲಿದ್ದ. ವ್ಯಾಪಾರಿಯ ಹತ್ತಿರ ಅದಿರು ಕೊಳ್ಳಲು ಪರದೇಶದವರು ಬಂದಿದ್ದರು, ಅವರಿಗೆ ಊರು ತೋರಿಸುವ ಕೆಲಸ ಇವನ ಪಾಲಿಗೆ ಬಂದಿತ್ತು. ಕಲ್ಲಿನ ರಥದ ಮುಂದೆ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಾಗ ಮನೆಯಿಂದ ಫೋನು ಹೋಯಿತಂತೆ. ಅತ್ತೆ ಪಕ್ಕದ ಮನೆಯವರ ಜೀಪು ಮಾಡಿಸಿ ನನ್ನನ್ನು ಹೊಸಪೇಟೆಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಮಗಳು ಹುಟ್ಟಿದಳು. ಒಂದು ಕಿಲೋ ಮುನ್ನೂರು ಗ್ರಾಂ. ತೂಕ ಕೇಳಿ ಅತ್ತೆ ತಮ್ಮ ಖಾಲಿ ಅಂಗೈಯನ್ನು ಒಮ್ಮೆ ಎತ್ತಿ ಇಳಿಸಿದ್ದನ್ನು ನೋಡಿದೆ. ಆಗಲೂ ನನಗೆ ರೇಗಿತು.

ಮಗು ಉಸಿರಾಡುವುದನ್ನು ಮರೆಯುತ್ತಿತ್ತು. ಇದು ನನ್ನ ಮಾತಲ್ಲ, ಡಾಕ್ಟರದು. ‘ದಿನ ತುಂಬದ ಕೂಸುಗಳ ಮೆದುಳು ಇನ್ನೂ ಪಕ್ವ ಆಗಿರಂಗಿಲ್ಲ ನೋಡ್ರಿ. ಉಸಿರಾಡ್ತಾ ಉಸಿರಾಡ್ತಾ ಮರತು ಬಿಡ್ತಾವ. ನಾವು ನೆನಪು ಮಾಡಬೇಕು’ ಅಂದರು. ಯಂತ್ರ ಕೂಗಿದ ಕೂಡಲೇ ನರ್ಸು ಓಡಿ ಬಂದು ಅಂಗಾಲಿಗೆ ಬೆರಳಿನಿಂದ ಚಿಟಿಕೆ ಹೊಡೆಯುತ್ತಿದ್ದಳು. ನೀಲಿಗೆ ತಿರುಗಿದ್ದ ತುಟಿ ಮತ್ತೆ ಕೆಂಪಾಗುತ್ತಿತ್ತು. ಮೊದಲು ಸೂಜಿಯಲ್ಲಿ, ಆಮೇಲೆ ಬಾಯಿಗೆ ಹನಿಯಲ್ಲಿ ಥಿಯೋಫಿಲಿನ್ ಎಂಬ ಔಷಧ ಶುರು ಮಾಡಿದರು. ‘ಚಾ, ಕಾಫಿಯೊಳಗ ಇರ್ತೈತಲ್ಲ, ಅದರ ಅಣ್ಣ-ತಮ್ಮ ಇದ್ದಂಗ ಇದು. ಮೆದುಳನ್ನ ಎಚ್ಚರ ಇಡ್ತೈತಿ.’

ಅತ್ತೆ ಸುಮ್ಮನಿರಬೇಕಲ್ಲ? ‘ಚಾ ಕುಡಿದ್ರ ರಕ್ತ ಒಣಗತೈತಲ್ರೀ ಸಾಹೇಬ್ರ, ಕೂಸಿಗೆ ಆಗತೈತೇನು?’ ಅಂದುಬಿಟ್ಟರು. ನರ್ಸುಗಳು ಮುಖ ಮುಖ ನೋಡಿಕೊಂಡು ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರೂ ನಕ್ಕು, ‘ಹಂಗೇನಿಲ್ಲ ಅಮ್ಮ, ಉಸಿರಿಗೆ ಇದು ಬೇಕು’ ಅಂದರು. ‘ಹಂಗಾರ ಕೊಡ್ರಿ’ ಎಂದು ಅತ್ತೆ ಅಲ್ಲಿಗೇ ಆ ಮಾತು ಬಿಟ್ಟರು. ಅಂಗಾಲಿಗೆ ಚಿಟಿಕೆ ಹೊಡೆಯುವುದನ್ನು ಮಾತ್ರ ಆಯಾಳ ಹತ್ತಿರ ಹತ್ತು ಸಲ ಕೇಳಿ ಕಲಿತರು.

ಆರು ವಾರದ ಮೇಲೆ ಮನೆಗೆ ಕಳಿಸಿದರು. ಯಂತ್ರವಿರುವ ಮಂಚಗಳು ಆ ನರ್ಸಿಂಗ್ ಹೋಮಿನಲ್ಲಿ ಎರಡೇ, ಹೊರಗೆ ಕಾಯುವವರು ನಾಲ್ಕು ಮಂದಿ. ಹನಿ ಔಷಧ ಮನೆಯಲ್ಲೂ ಕೆಲವು ದಿನ ಮುಂದುವರಿಸಬೇಕು, ದಿನಕ್ಕೆ ಮೂರು ಸಲ, ಡ್ರಾಪರಿನ ಮೊದಲ ಗೆರೆಯವರೆಗೆ. ನಿಲ್ಲಿಸುವುದನ್ನು ಅವರೇ ಹೇಳುತ್ತಾರೆ. ಆ ಹೊತ್ತಿಗೆ ಇನ್ನೊಂದು ಚಿಂತೆ ಹತ್ತಿತ್ತು. ಹುಟ್ಟಿದಾಗ ಹದಿನೈದು ಇದ್ದ ಮಗುವಿನ ಹಿಮೋಗ್ಲೋಬಿನ್ ಹನ್ನೊಂದಕ್ಕಿಳಿದು, ಆಮೇಲೆ ಒಂಬತ್ತಕ್ಕೆ ಬಂದಿತ್ತು. ಇಂಥ ಮಕ್ಕಳಿಗೆಲ್ಲ ಹೀಗೇ ಇಳಿಯುತ್ತದೆ, ರಕ್ತ ಮಾಡು ಎಂದು ಮೂಳೆಗೆ ಸಂದೇಶ ಕಳಿಸಬೇಕಾದ ಮೂತ್ರಪಿಂಡ ಇನ್ನೂ ಅದನ್ನು ಸರಿಯಾಗಿ ಕಲಿತಿರುವುದಿಲ್ಲ, ಕೆಲವು ವಾರ ಇಳಿದು ತಾನೇ ಏರುತ್ತದೆ ಎಂದಿದ್ದರು ಡಾಕ್ಟರು. ಕಾಗದದ ಮೇಲಿನ ಒಂಬತ್ತನ್ನು ನೋಡಿದ ನನಗೆ ಅವರ ಮಾತು ಕಿವಿಯ ಒಳಗೆ ಇಳಿಯಲಿಲ್ಲ.

ಮಗು ನೋಡಲು ಬಂದ ನೆಂಟರು ಬೇರೆ. ‘ಮನಿ ಮುಂದ ಗುಡ್ಡದಷ್ಟು ಕಬ್ಬಿಣ, ಕೂಸಿನ ಮೈಯಾಗ ರಕ್ತ ಇಲ್ಲ ನೋಡು!’ ಬಂದವರೆಲ್ಲ ಇದೇ ಮಾತು ಆಡಿದರು, ಪ್ರತಿಯೊಬ್ಬರೂ ಅದನ್ನು ತಾವೇ ಮೊದಲು ಕಂಡುಹಿಡಿದವರಂತೆ ಸುತ್ತಲೂ ನೋಡಿ ನಕ್ಕರು. ಕಮಲಾಪುರದ ಒಬ್ಬಾಕೆ ಬೀಟ್‌ರೂಟಿನ ರಸ ಹಚ್ಚಿ ನೆಕ್ಕಿಸಲು ಹೇಳಿದಳು. ಕೊರತೆ ಇರುವುದು ಕಬ್ಬಿಣದ್ದಲ್ಲ, ಸಂದೇಶದ್ದು ಎಂದು ಈ ಮಂದಿಗೆ ಯಾರು ಹೇಳಬೇಕು? ಚಹಾ ಕೊಟ್ಟು ಕಳಿಸಿದೆ. ಒಳಗೆ ಬಂದು ಅವರ ಲೋಟಗಳನ್ನು ಎರಡೆರಡು ಸಲ ತೊಳೆದೆ.

ಮುಂದಿನ ತಪಾಸಣೆಗೆ ಹೊಸಪೇಟೆಗೆ ಹೋದಾಗ ರಕ್ತದ ರಿಪೋರ್ಟು ಬರಲು ಒಂದು ತಾಸಾಗುತ್ತದೆ ಅಂದರು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಪಕ್ಕದ ಬ್ರೌಸಿಂಗ್ ಸೆಂಟರಿಗೆ ನುಗ್ಗಿದೆ. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಬಾಣಂತಿಯ ವೇಷ. ಒಳಗಿದ್ದವರೆಲ್ಲ ತಿರುಗಿ ನೋಡಿದರು. ನೋಡಿಕೊಳ್ಳಲಿ. ಔಷಧದ ಹೆಸರನ್ನೂ ರಕ್ತವನ್ನೂ ಒಟ್ಟಿಗೆ ಹಾಕಿ ಹುಡುಕಿದೆ. ಪುಟ ಒಂದೊಂದೇ ಸಾಲಾಗಿ ಇಳಿಯಿತು. ಮೂತ್ರಪಿಂಡ ಬದಲಾಯಿಸಿಕೊಂಡ ದೊಡ್ಡವರಲ್ಲಿ ಕೆಲವರಿಗೆ ಕೆಂಪು ಕಣ ಅತಿಯಾಗಿ ಹೆಚ್ಚುತ್ತದಂತೆ. ಆಗ ಇದೇ ಔಷಧ ಕೊಟ್ಟರೆ ಆ ಸಂದೇಶ ತಗ್ಗಿ ಕಣಗಳು ಕಡಿಮೆಯಾಗುತ್ತವಂತೆ. ಕೆಳಗೆ ಎಳೆಗೂಸುಗಳ ವಿಷಯ ಶುರುವಾಗುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಹತ್ತು ನಿಮಿಷದಲ್ಲಿ ಬರುತ್ತದೆ ಕೂತ್ಕೊಳ್ರಿ ಎಂದರು ಅಂಗಡಿಯವರು. ನಾನು ಕೂರಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ರಿಪೋರ್ಟು ಎಂಟೂವರೆ ತೋರಿಸಿತು. ಡಾಕ್ಟರ ಮುಂದೆ ಕೂತು, ಮಕ್ಕಳಿಗೆ ಪ್ರಶ್ನೆ ಕೇಳುವ ದನಿಯಲ್ಲೇ ಕೇಳಿದೆ: ‘ಈ ಔಷಧ ರಕ್ತದ ಉತ್ಪತ್ತಿ ತಗ್ಗಸ್ತೈತಿ ಅಂತ ನಿಮಗ ಗೊತ್ತೈತೇನ್ರಿ?’

ಅವರು ಪೆನ್ನು ಕೆಳಗಿಟ್ಟರು. ‘ದೊಡ್ಡೋರ ಮಾತು ಬ್ಯಾರೆ, ಇಂಥ ಕೂಸುಗಳ ಮಾತು ಬ್ಯಾರೆ ರೀ. ಇವಕ್ಕ ಔಷಧದಿಂದ ಎಷ್ಟು ಫರಕ್ ಬೀಳತೈತಿ, ಬೀಳತೈತೋ ಇಲ್ಲೋ, ಗಟ್ಟಿಯಾಗಿ ಹೇಳಾಕ ಬರಂಗಿಲ್ಲ. ಔಷಧ ಇಲ್ಲದ ಕೂಸಿಗೂ ಇಳೀತೈತಿ. ಪರೀಕ್ಷಾಕ್ಕಂತ ನಾವs ಎಷ್ಟು ಸಲ ರಕ್ತ ತಗೊಂಡೀವಿ, ಅದನ್ನೂ ಹಿಡೀರಿ. ಭಾಳ ಇಳೀತಂದ್ರ ರಕ್ತ ಹಾಕಬಹುದು. ಉಸಿರು ನಿಂತ್ರ ಎಲ್ಲಿಂದ ತರೂಣು? ಇನ್ನ ಹದಿನೈದು ದಿನ ಬಿಡದಂಗ ಕೊಡ್ರಿ.’

ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು. ಆದರೆ ನಾನು ಕೇಳುತ್ತಿದ್ದೆನೇ? ಅವರ ಅಂಗಿಯ ಜೇಬಿನಲ್ಲಿ ಪೆನ್ನು ಸೋರಿದ ನೀಲಿ ಕಲೆ ನೋಡುತ್ತಿದ್ದೆ. ‘ಗಟ್ಟಿಯಾಗಿ ಹೇಳಾಕ ಬರಂಗಿಲ್ಲ’ ಅನ್ನುವುದು ಗೊತ್ತಿಲ್ಲದವರ ಮಾತು ಎಂದುಕೊಂಡೆ. ನನ್ನ ತರಗತಿಯಲ್ಲಿ ಹಾಗೆ ಅಂದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನನಗೆ ಮಾತ್ರ ಎಲ್ಲ ಗಟ್ಟಿಯಾಗಿ ಗೊತ್ತಿತ್ತು. ಓದಿ ಓದಿ ಮರುಳಾದ ಕೂಚುಭಟ್ಟ ಎಂದು ಗಾದೆ. ನಾನು ಅಷ್ಟು ಓದಿದವಳೂ ಅಲ್ಲ, ಅರ್ಧ ಪುಟ ಓದಿ ಮರುಳಾದವಳು.

ಮರುದಿನದಿಂದ ಹನಿ ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ, ಹೇಳಿ ಅರ್ಥ ಮಾಡಿಸುವಂಥವರು ಆ ಮನೆಯಲ್ಲಿ ಯಾರಿದ್ದರು? ಹೊತ್ತಿಗೆ ಸರಿಯಾಗಿ ಸೀಸೆ ತೆಗೆಯುವುದು, ಡ್ರಾಪರಿನಲ್ಲಿ ಗೆರೆಯವರೆಗೆ ಎಳೆಯುವುದು, ಮಗುವಿನ ಬಾಯಿಯ ಹತ್ತಿರ ಹಿಡಿಯುವುದು, ಬೆನ್ನು ತಿರುಗಿಸಿ ಮತ್ತೆ ಸೀಸೆಗೇ ಬಿಡುವುದು. ಮೂರು ಹೊತ್ತೂ ಈ ನಾಟಕ. ಸೀಸೆ ಅಡುಗೆಮನೆಯ ಕಪಾಟಿನಲ್ಲಿರುತ್ತಿತ್ತು. ದಿನಾ ಬೆಳಿಗ್ಗೆ ಅತ್ತೆ ಕಪಾಟಿನ ಕೆಂಪು ಧೂಳು ಒರೆಸುವಾಗ ಅದನ್ನೂ ಎತ್ತಿ, ಅಭ್ಯಾಸದಂತೆ ಅಂಗೈಯಲ್ಲಿ ತೂಗಿ, ಇಡುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ಔಷಧದಲ್ಲೂ ಅದಿರು ಹುಡುಕುವ ಹೆಂಗಸು.

ಮೂರನೆಯ ದಿನ ಮಗುವಿನ ಕೆನ್ನೆ ಕೆಂಪೇರಿದಂತೆ ಕಂಡಿತು. ಬೇಕೆಂದು ನೋಡುವ ಕಣ್ಣಿಗೆ ಬೇಕಾದ ಬಣ್ಣವೇ ಕಾಣುತ್ತದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಐದನೆಯ ದಿನ ಮಧ್ಯಾಹ್ನ ನಾನು ಉಣ್ಣುತ್ತಿದ್ದೆ. ಅತ್ತೆ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದರು. ‘ಯವ್ವಾ, ಕೂಸು ಮರೀತು! ಉಸಿರು ಮರೀತು!’ ಎಂದು ಕೂಗಿದರು. ಓಡಿ ಬಂದೆ. ತುಟಿ ಜಂಬುನೇರಳೆಯ ಬಣ್ಣ. ಅತ್ತೆ ಅಂಗಾಲಿಗೆ ಚಿಟಿಕೆ ಹೊಡೆಯುತ್ತಿದ್ದರು, ಒಂದು, ಎರಡು, ಐದು, ಆರು. ಮಗು ಬಿಕ್ಕಿದಂತೆ ಎಳೆದುಕೊಂಡಿತು. ಉಸಿರು ಸ್ವಲ್ಪ ಹೊತ್ತು ಆಡಿತು. ಮತ್ತೆ ನಿಂತಿತು. ನಾನು ಎಂಜಲು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಜೀವಶಾಸ್ತ್ರದ ಮೊದಲಿಗಳು.

ಗಂಡ ಊಟಕ್ಕೆಂದು ಮನೆಗೆ ಬಂದಿದ್ದ. ಪಕ್ಕದ ಮನೆಯವರ ಜೀಪನ್ನು ಅವನೇ ಓಡಿಸಿದ. ಸಂಡೂರಿನಿಂದ ಹೊಸಪೇಟೆಯ ದಾರಿಯಲ್ಲಿ ಅದಿರಿನ ಲಾರಿಗಳು ಎರಡು ಸಾಲು, ಅಲುಗಾಡದೆ ನಿಂತಿದ್ದವು. ಅದರೊಳಗೆ ನಮ್ಮದೇ ಒಂದು ಟಿಪ್ಪರೂ ಇತ್ತು. ಯಾರಾದರೂ ದಾರಿ ಕೇಳಿದರೆ ‘ಲೋಡು ಐತಿ, ಎಲ್ಲಿ ಸರಸಲಿ’ ಎಂದು ದಬಾಯಿಸುತ್ತಿದ್ದ ಮನುಷ್ಯ ಅವತ್ತು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಪ್ರತಿ ಡ್ರೈವರಿಗೂ ಕೈ ಮುಗಿದ. ರಸ್ತೆ ಬಿಟ್ಟು ಪಕ್ಕದ ಕಲ್ಲುಮಣ್ಣಿನಲ್ಲಿ ಜೀಪು ಇಳಿಸಿದ. ಹಿಂದಿನ ಸೀಟಿನಲ್ಲಿ ಅತ್ತೆ ಮಗುವಿನ ಎದೆಯ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಅಂಗಾಲು ಹಿಡಿದು ಕೂತಿದ್ದರು. ಏರಿಳಿತ ನಿಂತರೆ ಚಿಟಿಕೆ. ಒಂದು ತಾಸಿಗೂ ಹೆಚ್ಚು. ದಾರಿಯುದ್ದಕ್ಕೂ ಒಂದು ಸಲವೂ ಕತ್ತೆತ್ತಿ ಹೊರಗೆ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ.

ಮಗುವನ್ನು ಒಳಗೆ ಮಲಗಿಸಿ, ಮೂಗಿಗೆ ನಳಿಗೆ ಹಾಕಿ, ಸೂಜಿ ಚುಚ್ಚಿದ ಮೇಲೆ ಡಾಕ್ಟರು ಹೊರಗೆ ಬಂದರು. ‘ಹನಿ ಸರಿಯಾಗಿ ಕೊಟ್ಟಿದ್ರೇನು?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೆಗಲವರೆಗೂ ಏಳಲಿಲ್ಲ.

‘ನಾ ಮರತೆ ರೀ ಸಾಹೇಬ್ರ’ ಅಂದರು ಅತ್ತೆ. ‘ಆಕಿ ಮಲಗಿದ್ದಾಗ ನಾ ಕೊಡತೀನಿ ಅಂತ ಹೇಳಿದ್ದೆ. ನಾಕೈದು ದಿನ ಆತು. ಮರತುಬಿಟ್ಟೆ.’

ಗಂಡ ಆ ಕಾರಿಡಾರಿನಲ್ಲಿ ಹತ್ತು ಜನರ ಮುಂದೆ ಹೆತ್ತ ತಾಯಿಯ ಮೇಲೆ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ‘ನಿನಗ ಬುದ್ಧಿ ಎಲ್ಲೈತಬೇ! ಕೂಸಿನ ಜೀವ ಅಂದ್ರ ಗುಡ್ಡದಾಗ ಕಲ್ಲು ಆರಿಸಿದಂಗ ಅಂದ್ಕೊಂಡಿಯೇನು?’ ಡಾಕ್ಟರೂ ಬೇಸರದಿಂದ, ‘ಓದು ಬರದಿದ್ದವರ ಕೈಗೆ ಔಷಧ ಯಾಕ ಕೊಡತೀರಿ? ತಾಯಿ ಟೀಚರ್ ಅದಾರ, ಅವರs ನೋಡಿಕೊಳ್ಳಲಿ’ ಅಂದರು. ಅತ್ತೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಗೋಡೆಗೆ ಒರಗಿ ನಿಂತಿದ್ದರು. ನಾನು ಏನು ಮಾಡಿದೆ? ತಲೆ ಬಗ್ಗಿಸಿದೆ. ನೋಡಿದವರು ಪಾಪ, ಅತ್ತೆಯ ತಪ್ಪಿಗೆ ಸೊಸೆ ಸಂಕಟ ಪಡುತ್ತಿದ್ದಾಳೆ ಎಂದುಕೊಂಡಿರಬೇಕು. ಹಾಗೆ ಅಂದುಕೊಳ್ಳಲಿ ಎಂದೇ ನಾನು ತಲೆ ಎತ್ತಲಿಲ್ಲ.

ಮಗು ಉಳಿಯಿತು. ರಕ್ತ ಇನ್ನೂ ಸ್ವಲ್ಪ ಇಳಿದು, ಡಾಕ್ಟರು ಹೇಳಿದ ಹಾಗೆಯೇ ತಾನಾಗಿ ಏರತೊಡಗಿತು, ಅದೂ ಹನಿ ನಡೆಯುತ್ತಿರುವಾಗಲೇ. ಮೂರು ವಾರದ ಮೇಲೆ ಹನಿಯನ್ನೂ ಅವರೇ ನಿಲ್ಲಿಸಿದರು. ಆ ಪುಟದ ಉಳಿದರ್ಧವನ್ನು ಆಮೇಲೆ ಹುಡುಕಿ ಓದಿದೆ. ಎಳೆಗೂಸುಗಳ ಬಗ್ಗೆ ಅಲ್ಲಿದ್ದ ಮಾತು ಇಷ್ಟೇ, ಗಟ್ಟಿಯಾಗಿ ಹೇಳಲು ಬರುವುದಿಲ್ಲ.

ಮನೆಗೆ ಬಂದ ಎಷ್ಟೋ ದಿನದ ಮೇಲೆ, ಗಂಡ ಇಲ್ಲದ ಒಂದು ಬೆಳಿಗ್ಗೆ, ಧೈರ್ಯ ಮಾಡಿ ಕೇಳಿದೆ. ‘ಅತ್ತಿ, ನಿಮಗ ಹೆಂಗ ಗೊತ್ತಾತು ರೀ?’

ಅವರು ಅಕ್ಕಿ ಆರಿಸುತ್ತಿದ್ದರು. ಖಾಲಿ ಅಂಗೈಯನ್ನು ಒಮ್ಮೆ ಎತ್ತಿ ಇಳಿಸಿದರು. ‘ಸೀಸಿ ಹಗುರ ಆಗಲಿಲ್ಲ. ದಿನಾ ಕೊಟ್ರ ಹಗುರ ಆಗಬೇಕಲ್ಲ?’

‘ಮತ್ತ ಅವಾಗs ಯಾಕ ಕೇಳಲಿಲ್ಲ?’

‘ನೀ ಓದಿದಾಕಿ. ಡಾಕ್ಟರ ಕೂಡ ಏನೇನೋ ಮಾತಾಡಿ ಬಂದಿದ್ದಿ. ಕೊಡಬ್ಯಾಡ ಅಂದಿರಬೇಕು, ಏನೋ ಕಾರಣ ಇರಬೇಕು ಅಂದ್ಕೊಂಡೆ. ನನಗೇನು ತಿಳೀತೈತಿ?’

ಬೈದಿದ್ದರೆ ಇಷ್ಟು ಆಗುತ್ತಿರಲಿಲ್ಲ. ಚಹಾದಿಂದ ರಕ್ತ ಒಣಗುತ್ತದೆ ಎಂದು ಜನ್ಮವಿಡೀ ನಂಬಿದ ಹೆಂಗಸು, ಡಾಕ್ಟರು ಬೇಕು ಅಂದ ಕೂಡಲೇ ತನ್ನ ನಂಬಿಕೆಯನ್ನು ಬದಿಗಿಟ್ಟು ಸುಮ್ಮನಾಗಿದ್ದರು. ನನ್ನನ್ನು ನಾಚಿಸಿದ ಅದೇ ಮಾತನ್ನು ನಾನು ಇಂಗ್ಲಿಷಿನಲ್ಲಿ ಅರ್ಧ ಓದಿ, ಅದಕ್ಕೆ ನನ್ನ ಮಗುವಿನ ಉಸಿರನ್ನು ಒತ್ತೆ ಇಟ್ಟಿದ್ದೆ. ಅವರು ಸೀಸೆ ತೂಗಿ ಸತ್ಯ ತಿಳಿದೂ ಬಾಯಿ ಬಿಡಲಿಲ್ಲ, ಯಾಕೆಂದರೆ ನನ್ನನ್ನು ನಂಬಿದ್ದರು. ಆ ಮನೆಯಲ್ಲಿ ನನ್ನ ಓದಿಗೆ ನಿಜವಾಗಿ ಬೆಲೆ ಕೊಟ್ಟವರು ಅವರೊಬ್ಬರೇ.

‘ಅಲ್ಲಿ ತಪ್ಪು ಯಾಕ ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ?’

‘ನೀ ಕೊಟ್ಟಿಲ್ಲ ಅಂತ ಗೊತ್ತಾದ್ರ ಅವನು ಔಷಧ ನಿನ್ನ ಕೈಯಾಗಿಂದ ಕಸಗೊಂಡು ನನ್ನ ಕೈಗೆ ಕೊಡತಿದ್ದ’ ಅಂದರು, ಕಲ್ಲೊಂದನ್ನು ಆರಿಸಿ ಎಸೆಯುತ್ತ. ‘ನನಗ ಆ ಸಣ್ಣ ಗೆರಿ ಕಾಣತೈತೇನು? ಹೆಚ್ಚು ಹಾಕಿ ಕೊಂದಿರ್ತಿದ್ದೆ. ನೀನಾದ್ರ ಒಂದ ಸಲ ತಪ್ಪೀದಿ, ಇನ್ನ ತಪ್ಪಂಗಿಲ್ಲ.’

ಅಷ್ಟೇ. ಮುಂದೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ.

ಅದಿರಿನ ಗದ್ದಲ ಮುಗಿದು ಎಷ್ಟೋ ವರ್ಷವಾಯಿತು. ಟಿಪ್ಪರ್ ಹೋದವು, ಎರಡು ಮೊಬೈಲು ಒಂದಾಯಿತು. ಮಗಳು ಕಾಲೇಜಿಗೆ ಹೋಗುತ್ತಾಳೆ, ಎತ್ತರದಲ್ಲಿ ನನ್ನನ್ನು ಮೀರಿಸಿದ್ದಾಳೆ. ಮನೆಗೆ ಯಾರಾದರೂ ಬಂದರೆ ಗಂಡನಿಗೆ ಹೇಳಲು ಇರುವುದು ಇದೊಂದೇ ಕಥೆ, ಲಾರಿಗಳ ನಡುವೆ ಜೀಪು ನುಗ್ಗಿಸಿದ್ದು, ಅವ್ವ ಔಷಧ ಮರೆತದ್ದು. ಮೊನ್ನೆಯೂ ಹೇಳಿದ. ಮಗಳು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು, ‘ಅಜ್ಜಿ, ನನ್ನ ಸಾಯ್ಸಾಕ ಹೊಂಟಿದ್ದೆಲ್ಲ ನೀನು!’ ಎಂದು ನಕ್ಕಳು. ಬಂದವರೂ ನಕ್ಕರು. ಅತ್ತೆ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಎತ್ತಿ, ಅಂಗೈಯಲ್ಲಿ ತೂಗಿ, ದೊಡ್ಡದನ್ನು ಅವಳ ಕೈಗಿಟ್ಟು, ‘ಹೂಂನಬೇ, ಮರತಿದ್ದೆ’ ಅಂದರು.

ನಾನು ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ನೋಡಿದರು. ‘ಚಾ ಆರಿ ಹೋಗತೈತಿ, ಕುಡೀರಿ’ ಅಂದೆ.

ನನ್ನಂಥ ಹೆಂಗಸೊಬ್ಬಳನ್ನು ಬೇರೆಯವರ ಮನೆಯಲ್ಲಿ ನೋಡಿದ್ದರೆ, ಅವಳು ಕೊಟ್ಟ ಲೋಟವನ್ನು ನಾನು ಮುಟ್ಟುತ್ತಿರಲಿಲ್ಲ.